ಕೈ ಎತ್ತಿದ ಊರು

ಒಂದು ಊರಿದೆ. ಇತ್ತು ಎನ್ನಬೇಡಿ, ಆ ಊರಿನಲ್ಲಿ ಆ ಮಾತು ಬಲು ದುಬಾರಿ. ಇದೆ.

ಊರಿನ ನಡುವೆ ಒಂದು ಬಯಲು, ಬಯಲಿನ ನಡುವೆ ಒಂದು ಕಟ್ಟೆ, ಕಟ್ಟೆಯ ಮೇಲೆ ಒಂದು ಕಲ್ಲು. ಕಲ್ಲಿನ ಮೇಲೆ ಕಟ್ಟಳೆ ಕೆತ್ತಿದೆ: ಕೈ ಏಳಬೇಕು, ಬಾಯಿ ‘ಇದ್ದೇನೆ’ ಎನ್ನಬೇಕು. ದಿನಾ ಬೆಳಿಗ್ಗೆ ಬಿಸಿಲು ಕಲ್ಲನ್ನು ಮುಟ್ಟುವ ಹೊತ್ತಿಗೆ ಊರೆಲ್ಲ ಬಯಲಿಗೆ ಬರುತ್ತದೆ. ಎಣಿಕೆಯವನು ಕಟ್ಟೆ ಹತ್ತಿ ನಿಲ್ಲುತ್ತಾನೆ. ಒಬ್ಬೊಬ್ಬರಾಗಿ ಕೈ ಎತ್ತುತ್ತಾರೆ, ‘ಇದ್ದೇನೆ’ ಎನ್ನುತ್ತಾರೆ. ಎಣಿಕೆಯವನು ‘ಇದ್ದಾನೆ’ ಎಂದು, ‘ಇದ್ದಾಳೆ’ ಎಂದು ಕೂಗುತ್ತಾನೆ. ಹಾಗೆ ಕೂಗಿಸಿಕೊಂಡವರು ಇದ್ದಾರೆ. ಅವರಿಗೆ ಕೆರೆಯ ನೀರಿನಲ್ಲಿ ಪಾಲು, ಬಯಲಿನಲ್ಲಿ ಮಾತು, ಬೀದಿಯಲ್ಲಿ ನಮಸ್ಕಾರ.

ಕೈ ಏಳದವರು, ಬಾಯಿ ಬಾರದವರು ‘ಇದ್ದವರು’. ಅವರು ಹಿತ್ತಲ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಮನೆಯವರ ಪಾಲಿನ ನೀರಿನಲ್ಲಿ ಒಂದು ಲೋಟ ಕುಡಿಯುತ್ತಾರೆ. ತಮ್ಮ ಬಗ್ಗೆ ಊರು ಆಡುವ ಒಳ್ಳೆಯ ಮಾತುಗಳನ್ನು ಕೇಳಿಸಿಕೊಳ್ಳುತ್ತಾರೆ. “ಎಂಥಾ ಮನುಷ್ಯ ಆಗಿದ್ದ,” ಎನ್ನುತ್ತದೆ ಊರು. ಆ ಎಂಥಾ ಮನುಷ್ಯ ಅಲ್ಲೇ ಪಕ್ಕದಲ್ಲಿ ಕೂತು ಗಂಜಿ ಕುಡಿಯುತ್ತಿರುತ್ತಾನೆ.

ಈ ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ. ಒಂದು ಮಾತ್ರ ಗೊತ್ತು. ಮಾಡಿದ ದಿನ ಅವರ ಕೈ ಗಟ್ಟಿಯಾಗಿತ್ತು.

ಆ ಊರಿಗೆ ಸುದ್ದಿ ಸಾರುವುದು ಡಂಗುರದವಳ ಕೆಲಸ. ಕೊರಳಿಗೆ ತಮಟೆ, ಎರಡು ಕೈಗೆ ಎರಡು ಕೋಲು, ಬೀದಿಯ ಈ ತುದಿಯಲ್ಲಿ ಕೂಗಿದರೆ ಆ ತುದಿಯ ನಾಯಿ ಎದ್ದು ಕೂರುವಂಥ ಗಂಟಲು. ಏನಾದರೂ ಕಳೆದುಹೋದರೆ ಒಂದು ಬಡಿತ, ಸಾವಿಗೆ ಒಂದು ಬಡಿತ, ಬಯಲಿನಲ್ಲಿ ಹೊಸ ಮಾತಿಡುವುದಕ್ಕೆ ಒಂದು ಬಡಿತ. ಬಡಿತ ಕೇಳಿದರೆ ಸಾಕು, ಜನ ಒಲೆಯ ಮುಂದೆ ಕೂತೇ ಅಳಬೇಕೋ ಹುಡುಕಬೇಕೋ ಎಂದು ತಿಳಿದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಕುಂಬಾರರ ಬೀದಿಯ ತಿರುವಿನಲ್ಲಿ ಅವಳ ಬಲಗೈಯ ಕೋಲು ಜಾರಿ ಬಿತ್ತು. ಎತ್ತಿಕೊಂಡಳು. ಮತ್ತೆ ಬಿತ್ತು. ತೋಳಿನ ಚರ್ಮದ ಕೆಳಗೆ ಸಣ್ಣ ಮೀನುಗಳು ಹೊರಳಿದ ಹಾಗೆ ಏನೋ ಅದುರುತ್ತಿತ್ತು. ಮೊಸರಿನವಳು ಕಂಡು, “ಏನೇ, ಗಂಡನ ಬೆನ್ನಿಗೆ ಬಾರಿಸಿ ಬಾರಿಸಿ ಕೈ ಸೋತಿತಾ?” ಎಂದಳು.

“ಅವರ ಬೆನ್ನಿಗೆ ಎಡಗೈ ಸಾಕು ಕಣೇ,” ಎಂದಳು ಡಂಗುರದವಳು. ಆದರೆ ಮನೆಗೆ ಬಂದವಳು ಕೋಲನ್ನು ಸೂರಿಗೆ ಸಿಕ್ಕಿಸಿ ಬಹಳ ಹೊತ್ತು ಅದನ್ನೇ ನೋಡಿದಳು.

ಅವಳ ಗಂಡ ಹಗ್ಗದವನು, ಹಗ್ಗ ಹೊಸೆಯುವವನು. ಬಯಲಿನಲ್ಲಿ ‘ಇದ್ದೇನೆ’ ಎಂಬುದೊಂದನ್ನು ಬಿಟ್ಟು ಅವನು ನಾಲ್ಕು ಜನರ ಮುಂದೆ ಬೇರೆ ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಅವನು ಅವಳನ್ನು ಪಂಡಿತರ ಹತ್ತಿರ ಕರೆದುಕೊಂಡು ಹೋದ.

ಪಂಡಿತರು ಆ ಊರಿನ ದೊಡ್ಡ ಕೈ. ಅವರ ಕೈ ಎದ್ದರೆ ಊರಿನ ಕೈ ಏಳುತ್ತಿತ್ತು, ಅವರ ಕೈ ಶಾಲಿನೊಳಗೆ ಇದ್ದರೆ ಊರಿನ ಕೈ ತೊಡೆಯ ಮೇಲೆ ಇರುತ್ತಿತ್ತು. ಅವರು ಅವಳ ತೋಳನ್ನು ಒತ್ತಿ ನೋಡಿದರು, ಮೊಣಕಾಲು ತಟ್ಟಿದರು, ನಾಲಿಗೆ ಚಾಚಿಸಿದರು.

“ತಲೆ ಹೇಳಿದ್ದು ಕೈಗೆ ಮುಟ್ಟುತ್ತಿಲ್ಲ,” ಎಂದರು.

“ಅಂದರೆ ನನ್ನೊಳಗೂ ಒಬ್ಬ ಡಂಗುರದವನಿದ್ದಾನೆ, ಅವನು ಕೆಲಸ ಬಿಟ್ಟ ಅನ್ನಿ,” ಎಂದಳು ಅವಳು.

“ಒಂದೇ ಸಲ ಬಿಡೋದಿಲ್ಲಮ್ಮ. ಒಂದೊಂದೇ ಬೀದಿ ಬಿಡುತ್ತಾನೆ. ಮೊದಲು ಕೈ. ಆಮೇಲೆ ಕಾಲು. ಆಮೇಲೆ ನಾಲಿಗೆ, ಗಂಟಲು.”

“ಕೊನೆಗೆ?”

“ಉಸಿರು.”

“ಉಸಿರು ಎಲ್ಲರಿಗೂ ಕೊನೆಗೇ ಹೋಗೋದು ಪಂಡಿತರೇ. ನಡುವೆ ಹೋಗಿ ಆಮೇಲೆ ಸಂತೆಗೆ ಬಂದವರನ್ನ ಯಾರನ್ನಾದರೂ ನೋಡಿದ್ದೀರಾ?”

ಪಂಡಿತರು ನಗಲಿಲ್ಲ. “ಕಣ್ಣಿನ ಬೀದಿಯನ್ನ ಮಾತ್ರ ಅವನು ಬಿಡೋದು ಕಡಿಮೆ. ಬುದ್ಧಿಯೂ ಸಾಮಾನ್ಯವಾಗಿ ಹಾಗೇ ಇರುತ್ತೆ.”

“ಒಳ್ಳೇದಾಯಿತು. ಅದೂ ಹೋಗಿದ್ದರೆ ನಿಮ್ಮ ಮಾತು ನನಗೆ ಸರಿ ಅನ್ನಿಸಿಬಿಡುತ್ತಿತ್ತು.”

ಎಷ್ಟು ಕಾಲ ಎಂದು ಹಗ್ಗದವನು ಮೆಲ್ಲಗೆ ಕೇಳಿದ. ಎರಡು ಮಳೆಗಾಲ, ಹೆಚ್ಚೆಂದರೆ ಮೂರು ಎಂದರು ಪಂಡಿತರು. ಹೇಳುವಾಗ ಅವರು ಅವಳನ್ನು ನೋಡಲಿಲ್ಲ, ಗಂಡನನ್ನು ನೋಡಿದರು. “ನಿನ್ನ ಹೆಂಡತಿ ಬಹಳ ಚುರುಕಾಗಿದ್ದಳಪ್ಪ,” ಎಂದರು.

“ಇಲ್ಲೇ ಕೂತಿದ್ದೀನಿ ಪಂಡಿತರೇ,” ಎಂದಳು ಅವಳು. “ಇನ್ನೂ ಎದ್ದು ಹೋಗಿಲ್ಲ.”

ಮನೆಗೆ ಬಂದು ಒಳಗೆ ಹೋಗುವಾಗ ಅವಳ ಕಾಲು ಬಾಗಿಲ ಹೊಸ್ತಿಲಿಗೆ ತಗುಲಿತು. ಒಳಗಿನ ಡಂಗುರದವನು ಎರಡನೆಯ ಬೀದಿಯ ಕಡೆಗೆ ನೋಡುತ್ತಿದ್ದ.

ಮಳೆ ಬಿದ್ದು ನಿಲ್ಲುವ ಹೊತ್ತಿಗೆ ಅವಳ ಎರಡೂ ಕೈ ತೊಡೆಯ ಮೇಲೆ ಮಲಗಿದ್ದವು. ತಮಟೆ ಹಗ್ಗದವನ ಕೊರಳಿಗೆ ಬಂತು. ಅವಳು ಕೂಗುವುದು, ಅವನು ಬಡಿಯುವುದು. ಹಗ್ಗ ಹೊಸೆದ ಕೈಗೆ ಬಡಿತ ಎಲ್ಲಿ ಬರಬೇಕು? ಯಾರದೋ ಆಡು ಕಳೆದುಹೋಗಿದೆ ಎಂದು ಸಾರಲು ಹೋದವನು ಸಾವಿನ ಬಡಿತ ಬಡಿದ. ಬೀದಿಯ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದರು. “ಯಾರೇ ಹೋದದ್ದು?” “ಆಡು.” “ಯಾರ ಮನೇದು?” “ಅಳೋದಾದರೆ ಅಳಿ, ಆದರೆ ಮೊದಲು ಹುಡುಕಿ,” ಎಂದಳು ಡಂಗುರದವಳು. ಆಡು ಸಿಕ್ಕಿದ ಮೇಲೂ ಇಬ್ಬರು ಅಳುತ್ತಲೇ ಇದ್ದರಂತೆ. ಆಮೇಲಿನಿಂದ ಹಗ್ಗದವನ ಬಡಿತವನ್ನು ಊರು ನಂಬುವುದನ್ನು ಬಿಟ್ಟಿತು. ಅವನು ಏನು ಬಡಿದರೂ, “ಪಾಪ, ಮತ್ತೆ ತಪ್ಪಿದ,” ಎಂದು ನಕ್ಕು ಸುಮ್ಮನಾಗುತ್ತಿತ್ತು.

ಬಡಿತ ತಪ್ಪಿದರೆ ನಗಬಹುದು. ಕೈ ಏಳದಿದ್ದರೆ ಏನು ಮಾಡುವುದು? ಹಗ್ಗದವನು ಎದ್ದು ಹೋದ. ಬಾವಿಯ ರಾಟೆ ಬಿಚ್ಚಿಕೊಂಡು ಬಂದ. ಬಯಲಿನಲ್ಲಿ ಒಂದು ಕಂಬ ನೆಟ್ಟ, ಕಂಬಕ್ಕೆ ರಾಟೆ ಕಟ್ಟಿದ, ಹಳೆಯ ಸೀರೆಯ ಅಂಚಿನಿಂದ ಮೆತ್ತನೆಯ ಹಗ್ಗ ಹೊಸೆದು ಅವಳ ಮುಂಗೈಗೆ ಸುತ್ತಿದ. ಬೆಳಿಗ್ಗೆ ಅವಳ ಸರದಿ ಬಂದಾಗ ಹಗ್ಗ ಎಳೆದ. ರಾಟೆ ಕಿರುಗುಟ್ಟಿತು. ಕೈ ಎದ್ದಿತು.

“ಬಿಂದಿಗೆ ಬಂದ ಹಾಗೆ ಬಂತು ನೋಡೇ,” ಎಂದಳು ಮೊಸರಿನವಳು.

“ಇದ್ದೇನೆ,” ಎಂದಳು ಡಂಗುರದವಳು, ಇಡೀ ಬಯಲಿಗೆ ಕೇಳುವಂತೆ.

ಜನ ಎಣಿಕೆಯವನನ್ನು ನೋಡಿದರು. ಎಣಿಕೆಯವನು ಕಲ್ಲನ್ನು ನೋಡಿದ. ಅವನು ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ, ಎಣಿಸುವವನು. “ಕೈ ಏಳಬೇಕು ಅಂತಿದೆ,” ಎಂದ. “ಎದ್ದಿದೆ. ಯಾಕೆ ಎದ್ದಿತು, ಯಾರು ಎತ್ತಿದರು ಅಂತ ಕಲ್ಲು ಕೇಳಿಲ್ಲ. ಇದ್ದಾಳೆ.”

ಅಂದಿನಿಂದ ದಿನಾ ರಾಟೆ ಕಿರುಗುಟ್ಟಿತು, ದಿನಾ ಕೈ ಎದ್ದಿತು. ಊರಿಗೆ ಅದು ಅಭ್ಯಾಸವಾಯಿತು. ಆದರೆ ಅವಳಿಗೆ ಪಂಡಿತರ ಮಾತು ನೆನಪಿತ್ತು. ಆಮೇಲೆ ನಾಲಿಗೆ. ನಾಲಿಗೆಯನ್ನು ಎತ್ತುವ ರಾಟೆ ಯಾವ ಬಾವಿಯಲ್ಲೂ ಇಲ್ಲ.

ಅದಕ್ಕೇ ಅವಳು ನಾಲಿಗೆ ಇರುವಾಗಲೇ ಬಯಲಿನಲ್ಲಿ ಮಾತಿಟ್ಟಳು. ಮಾತಿಡುವ ಬಡಿತವನ್ನು ಗಂಡನಿಗೆ ಹೇಳಿಕೊಟ್ಟು, ಬೈದು, ಮತ್ತೆ ಹೇಳಿಕೊಟ್ಟು ಬಡಿಸಿದಳು. ಆ ಬಡಿತ ಬಿದ್ದ ಮೇಲೆ ಎದ್ದ ಕೈ ಒಪ್ಪಿದ ಕೈ, ಅದು ಊರಿನ ನಿಯಮ.

“ಕೈ ಏಳದವರಿಗೆ ರೆಪ್ಪೆ ಎದ್ದರೂ ಸಾಕು ಅಂತ ಕಲ್ಲಿನ ಮೇಲೆ ಕೆತ್ತಬೇಕು,” ಎಂದಳು. “ಬಾಯಿ ಬಾರದವರ ಮಾತನ್ನ ಪಕ್ಕದಲ್ಲಿದ್ದವರು ಹೇಳಿದರೂ ಸಾಕು ಅಂತ ಕೆತ್ತಬೇಕು. ಹಿತ್ತಲ ಕೋಣೆಯಲ್ಲಿ ಕೂತವರೆಲ್ಲ ಕಣ್ಣು ಬಿಟ್ಟುಕೊಂಡೇ ಕೂತಿದ್ದಾರೆ. ನಿಮ್ಮ ಅಪ್ಪ, ನಿಮ್ಮ ಅತ್ತೆ, ನಿಮ್ಮ ಅಣ್ಣ. ನೀವು ಅವರನ್ನ ಹೊಗಳಿದ್ದೀರಿ, ಎಣಿಸಿಲ್ಲ. ಹೊಗಳಿಕೆ ಬೇಡ. ಎಣಿಸಿ.”

ರಾಟೆಯ ಮೇಲೆ ಅವಳ ಕೈ ಎದ್ದಿತು. ಹಗ್ಗದವನ ಇನ್ನೊಂದು ಕೈ ಎದ್ದಿತು. ಮೊಸರಿನವಳದು ಎದ್ದಿತು. ಉಳಿದವರು ಪಂಡಿತರ ಶಾಲನ್ನು ನೋಡಿದರು. ಶಾಲು ಅಲುಗಾಡಲಿಲ್ಲ.

“ರೆಪ್ಪೆ ಅನ್ನೋದು ನೊಣ ಕೂತರೂ ಏಳುತ್ತೆ,” ಎಂದರು ಪಂಡಿತರು. “ಊರು ನೊಣಗಳನ್ನ ಎಣಿಸಬೇಕಾಗುತ್ತೆ.”

ಊರು ನಕ್ಕಿತು. ದೊಡ್ಡವರು ಆಡಿದ ಮಾತಿಗೆ ನಗುವುದಕ್ಕೆ ಯಾರೂ ಕೈ ಎತ್ತಬೇಕಾಗಿಲ್ಲ, ಹಲ್ಲಿದ್ದರೆ ಸಾಕು.

ಚಳಿ ಬಂತು. ಒಂದು ಬೆಳಿಗ್ಗೆ ರಾಟೆ ಕಿರುಗುಟ್ಟಿತು, ಕೈ ಎದ್ದಿತು, ಡಂಗುರದವಳು ಬಾಯಿ ತೆರೆದಳು.

“ಇದ್ದೇ,” ಎಂದಳು.

‘ನೆ’ ಬರಲಿಲ್ಲ. ನಾಲಿಗೆ ಹಲ್ಲಿನ ಹಿಂದೆ ಏರಬೇಕಾದ ಜಾಗಕ್ಕೆ ಏರದೆ ಅಲ್ಲೇ ಕೂತುಬಿಟ್ಟಿತು. ಅವಳು ಮತ್ತೆ ಯತ್ನಿಸಿದಳು. “ಇದ್ದೇ.” ಜನ ಕಟ್ಟೆಯ ಕಡೆ ತಿರುಗಿದರು.

“ಇದ್ದೆ ಅಂದಳು,” ಎಂದ ಎಣಿಕೆಯವನು.

ಹಗ್ಗದವನು, ಕೈಯಲ್ಲಿ ಹಗ್ಗ ಹಿಡಿದುಕೊಂಡೇ, ಹುಟ್ಟಿದಾಗಿನಿಂದ ಆಡದಿದ್ದ ಮಾತು ಆಡಿದ. “ಇದ್ದೆ ಅಲ್ಲ ಸ್ವಾಮಿ, ಇದ್ದೇ. ದೀರ್ಘ ಇತ್ತು. ಮಾತು ಇನ್ನೂ ಮುಗಿದಿಲ್ಲ, ಕಾಯಿರಿ.”

ಎಣಿಕೆಯವನು ಕಾದ. ಬಿಸಿಲು ಕಲ್ಲಿನಿಂದ ಇಳಿದು ಕಟ್ಟೆಗೆ ಬಂತು, ಕಟ್ಟೆಯಿಂದ ಇಳಿದು ನೆಲಕ್ಕೆ ಬಂತು. ‘ನೆ’ ಬರಲಿಲ್ಲ.

“ಬಾಲ ಇಲ್ಲದ ಮಾತು ಹಿಂದಿನ ಮಾತೇ,” ಎಂದ ಎಣಿಕೆಯವನು. “ಇದ್ದಳು.”

ಹೀಗೆ ಒಂದು ಅಕ್ಷರಕ್ಕೆ ಒಂದು ಹೆಂಗಸು ಇಲ್ಲವಾದಳು. ದೊಡ್ಡ ದೊಡ್ಡ ಅನ್ಯಾಯಕ್ಕೆ ದೊಡ್ಡ ದೊಡ್ಡ ಕಾರಣ ಇರುತ್ತದೆ ಎಂದುಕೊಳ್ಳುತ್ತೇವೆ. ಇರುವುದಿಲ್ಲ. ಒಂದು ಅಕ್ಷರ ಸಾಕು.

ಅವಳು ಹಿತ್ತಲಿಗೆ ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ಕೂರಿಸಲು ಬಂದವರನ್ನು ಮೊಸರಿನವಳು ಮಜ್ಜಿಗೆಯ ಕಡಗೋಲು ತೋರಿಸಿ ಓಡಿಸಿದಳು. ಹಗ್ಗದವನು ಹೆಂಡತಿಯನ್ನು ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ, ಹಗ್ಗದ ಮಂಚದಲ್ಲಿ ಒರಗಿಸಿದ. ಊರು ಬಂದು ಹೋಯಿತು.

“ಎಂಥಾ ಗಂಟಲು ಇತ್ತು ಅವಳಿಗೆ,” ಎಂದಳು ಪಕ್ಕದ ಮನೆಯವಳು, ಅವಳ ಮುಖ ನೋಡುತ್ತಲೇ. “ಜಗಳಗಂಟಿ ಆಗಿದ್ದಳು, ಆದರೆ ಮನಸ್ಸು ಒಳ್ಳೇದಿತ್ತು.”

ಡಂಗುರದವಳಿಗೆ ನಗು ಬಂತು. ಅದು ಆ ಕಾಯಿಲೆಯ ಇನ್ನೊಂದು ಚಾಳಿ. ಬೇಕೆಂದಾಗ ಮಾತು ಬಾರದು, ಬೇಡವೆಂದಾಗ ನಗು ನಿಲ್ಲದು. ಅವಳು ನಕ್ಕಳು, ನಕ್ಕಳು, ಮಂಚ ಅಲುಗಾಡುವಂತೆ ನಕ್ಕಳು. ಹೊಗಳುತ್ತಿದ್ದವಳು ಕೈಯಲ್ಲಿ ತಂದಿದ್ದ ಚೊಂಬು ಅಲ್ಲೇ ಬಿಟ್ಟು ಹೋದಳು. “ಸತ್ತವರು ಹೀಗೆ ನಕ್ಕರೆ ಬದುಕಿದವರು ಏನು ಮಾಡಬೇಕು?” ಎಂದು ಬೀದಿಯಲ್ಲಿ ಹೇಳಿಕೊಂಡಳಂತೆ.

‘ನೆ’ ಹೋದ ದಾರಿಯಲ್ಲಿ ‘ರ’ ಹೋಯಿತು, ‘ಳ’ ಹೋಯಿತು. ಕೊನೆಗೆ ಬರಿಯ ‘ಆ’ ಉಳಿಯಿತು. ಹಗ್ಗದವನಿಗೆ ‘ಆ’ದಲ್ಲಿ ಹಸಿವು ಯಾವುದು, ತುರಿಕೆ ಯಾವುದು ಎಂದು ತಿಳಿಯಲಿಲ್ಲ. ಒಂದು ಮಧ್ಯಾಹ್ನ ಅವನು ನಾರು ಹೊಸೆಯುತ್ತ, ಬೇಸರಕ್ಕೆ, ಚಿಕ್ಕಂದಿನಲ್ಲಿ ಮರಳಿನ ಮೇಲೆ ತಿದ್ದಿದ ಅಕ್ಷರಗಳನ್ನು ಹಾಡಿಕೊಳ್ಳುತ್ತಿದ್ದ. ಕ ಖ ಗ ಘ. ಹೆಂಡತಿಯ ರೆಪ್ಪೆ ಪಟಪಟ ಬಡಿಯಿತು. ಅವನು ನಿಲ್ಲಿಸಿದ. ಮತ್ತೆ ಹಾಡಿದ. ಮತ್ತೆ ಅದೇ ಜಾಗದಲ್ಲಿ ರೆಪ್ಪೆ ಬಡಿಯಿತು.

ಹಾಗೆ ಶುರುವಾಯಿತು. ಅವನು ಮೊದಲು ಸಾಲು ಹೇಳುವುದು, ಆಮೇಲೆ ಅಕ್ಷರ, ಆಮೇಲೆ ಕಾಗುಣಿತ. ಬೇಕಾದಲ್ಲಿ ಅವಳು ರೆಪ್ಪೆ ಎತ್ತುವುದು. ಮೊದಲನೆಯ ಮಾತು ಮುಗಿಯುವ ಹೊತ್ತಿಗೆ ಒಂದು ಉದ್ದ ಹಗ್ಗ ಹೊಸೆದು ಮುಗಿದಿತ್ತು. ಮೊಸರಿನವಳು ಉಸಿರು ಬಿಗಿಹಿಡಿದು ಕೂತಿದ್ದಳು. ಡಂಗುರದವಳು ಏನು ಹೇಳಿದಳೋ, ದೇವರ ಮಾತೋ, ಕೊನೆಯ ಆಸೆಯೋ.

“ಸಾರಿಗೆ ಉಪ್ಪು ಕಮ್ಮಿ,” ಎಂದು ಓದಿದ ಹಗ್ಗದವನು.

“ಇದಕ್ಕಾ ನಾನು ಮೊಸರು ಹುಳಿ ಬರೋವರೆಗೆ ಕಾದದ್ದು?” ಎಂದಳು ಮೊಸರಿನವಳು. ಆದರೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋಗಿ ಉಪ್ಪು ತಂದಳು.

ಆ ಊರಿನಲ್ಲಿ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಕೈ ಎತ್ತುವ ದಿನ ಬರುತ್ತದೆ. ಆ ವರ್ಷ ‘ಇದ್ದವರು’ ಆದವರನ್ನು ಬಯಲಿಗೆ ತಂದು ಸಾಲಾಗಿ ಕೂರಿಸುತ್ತಿದ್ದರು. ಸಾವಿನ ಬಡಿತ ಬೀಳುತ್ತಿತ್ತು. ಮನೆಯವರು ತಮ್ಮವರ ಬಗ್ಗೆ ಎರಡು ಮಾತು ಆಡುತ್ತಿದ್ದರು. ಪಂಡಿತರು ಎದ್ದು, ಶಾಲು ಸರಿಮಾಡಿ, ಕೆಮ್ಮಿ, ಎರಡೂ ಕೈ ಆಕಾಶಕ್ಕೆ ಎತ್ತಿ, ‘ನನ್ನ ಕೈಲಿ ಏನೂ ಇಲ್ಲ’ ಎನ್ನುತ್ತಿದ್ದರು. ಊರೆಲ್ಲ ಎರಡೂ ಕೈ ಎತ್ತಿ, ‘ನಮ್ಮ ಕೈಲೂ ಏನೂ ಇಲ್ಲ’ ಎನ್ನುತ್ತಿತ್ತು. ಅಲ್ಲಿಗೆ ಮುಗಿಯಿತು. ಆಮೇಲೆ ಪಾಯಸ. ಕೈ ತೊಳೆದುಕೊಳ್ಳುವುದಕ್ಕೆ ಇಷ್ಟು ಚಂದದ ಶಾಸ್ತ್ರ ಬೇರೆ ಊರಿನಲ್ಲಿ ಇದೆಯೋ ಇಲ್ಲವೋ.

ಡಂಗುರದವಳು ವರ್ಷ ವರ್ಷ ಆ ಶಾಸ್ತ್ರಕ್ಕೆ ತಮಟೆ ಬಡಿದವಳು. ಸಾಲಿನಲ್ಲಿ ಕೂತವರ ಕಣ್ಣುಗಳನ್ನು ಆಗ ಅವಳು ನೋಡಿರಲಿಲ್ಲ. ತಮಟೆಯನ್ನು ನೋಡುತ್ತಿದ್ದಳು. ಈಗ ಮಂಚದಲ್ಲಿ ಒರಗಿ ಆ ಕಣ್ಣುಗಳನ್ನೆಲ್ಲ ನೆನಪಿಸಿಕೊಂಡಳು, ನೆನಪಿಸಿಕೊಂಡಷ್ಟೂ ಅವಳಿಗೆ ಸಿಟ್ಟು ಬಂತು, ಸಿಟ್ಟು ಬಂದಾಗಲೂ ನಗುವೇ ಹೊರಗೆ ಬಂತು. ಆ ನಗುವಿನ ನಡುವೆ ಒಂದು ಮಾತು ಹೊಳೆಯಿತು. ಕಲ್ಲಿನ ಮೇಲೆ ‘ಕೈ’ ಎಂದಿದೆ. ಯಾಕೆ ಎದ್ದಿತು ಎಂದು ಎಣಿಕೆಯವನು ಕೇಳುವುದಿಲ್ಲ.

ಅವಳು ರೆಪ್ಪೆ ಬಡಿದಳು. ಹಗ್ಗದವನು ಸಾಲು ಹೇಳಿದ. ಸಂಜೆಯ ಹೊತ್ತಿಗೆ ಎರಡು ಪದ ಬಂದವು: ತಪ್ಪು ಬಡಿ.

“ತಪ್ಪು ಬಡಿಯೋದನ್ನ ನನಗೆ ಬೇರೆ ಕಲಿಸಬೇಕಾ?” ಎಂದ ಹಗ್ಗದವನು.

ರೆಪ್ಪೆ ಮತ್ತೆ ಎದ್ದಿತು. ಯಾವ ತಪ್ಪು ಎಂದು ಅವಳು ಹೇಳಿ ಮುಗಿಸಲು ಇನ್ನೆರಡು ಸಂಜೆ ಹಿಡಿಯಿತು. ಹೇಳಿ ಮುಗಿದ ಮೇಲೆ ಹಗ್ಗದವನು ಬೆವರಿದ. “ಅಷ್ಟು ಜನರ ಮುಂದೆ ನಾನು ಮಾತಾಡಬೇಕೇನೇ? ನನ್ನ ಬಾಯಿ ಒಣಗುತ್ತೆ.” ಅವಳು ಅವನನ್ನು ನೋಡಿದಳು. ಬರೀ ನೋಡಿದಳು. “ಆಯಿತು,” ಎಂದ ಅವನು. “ನಿನ್ನ ಬಾಯಿಗಿಂತ ಒಣಗಿಲ್ಲವಲ್ಲ.”

ಕೈ ಎತ್ತುವ ದಿನ ಬಂತು. ಬಯಲು ತುಂಬಿತು. ಡಂಗುರದವಳ ಮಂಚ ಸಾಲಿನ ತುದಿಯಲ್ಲಿತ್ತು. ಹಗ್ಗದವನು ತಮಟೆ ಹಾಕಿಕೊಂಡು ನಡುವೆ ನಿಂತ. ಸಾವಿನ ಬಡಿತ ಬೀಳುತ್ತದೆಂದು ಜನ ತಲೆ ತಗ್ಗಿಸಿದರು. ಅವನು ಬಡಿದ.

ಅದು ಸಾವಿನ ಬಡಿತವಾಗಿರಲಿಲ್ಲ. ಮಾತಿಡುವ ಬಡಿತವಾಗಿತ್ತು.

“ಪಾಪ, ಮತ್ತೆ ತಪ್ಪಿದ,” ಎಂದರು ಯಾರೋ. “ಹೆಂಡತಿಯ ದಿನವಾದರೂ ಸರಿಯಾಗಿ ಬಡೀಬಾರದಾ,” ಎಂದರು ಇನ್ನಾರೋ. ಎಣಿಕೆಯವನು ಮಾತ್ರ ತಲೆ ಎತ್ತಿದ, ಹುಬ್ಬು ಗಂಟಿಕ್ಕಿದ. ಬಡಿತ ಬಡಿತವೇ.

ಹಗ್ಗದವನ ಬಾಯಿ ನಿಜಕ್ಕೂ ಒಣಗಿತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಪಂಡಿತರ ಕಡೆ ನೋಡುತ್ತಿದ್ದಳು. ಪಂಡಿತರು ಎದ್ದರು. ಶಾಲು ಸರಿಮಾಡಿದರು. ಅವಳು ರೆಪ್ಪೆ ಎತ್ತಿದಳು.

“ಕೈ ಏಳದವರಿಗೆ ರೆಪ್ಪೆ ಎದ್ದರೂ ಸಾಕು,” ಎಂದ ಹಗ್ಗದವನು. ಕಟ್ಟೆಯ ಮೇಲಿನ ಎಣಿಕೆಯವನಿಗೆ ಕೇಳಿಸುವಷ್ಟು ದನಿ ಇತ್ತು. “ಬಾಯಿ ಬಾರದವರ ಮಾತನ್ನ ಪಕ್ಕದಲ್ಲಿದ್ದವರು ಹೇಳಿದರೂ ಸಾಕು. ಹಾಗಂತ ಕಲ್ಲಿನ ಮೇಲೆ ಕೆತ್ತಬೇಕು. ಒಪ್ಪುವವರು ಕೈ ಎತ್ತಿ.”

ಪಂಡಿತರು ಕೆಮ್ಮಿದರು. ರೋಗಿಯ ಮನೆಯವರು ಆಡುವ ಮಾತನ್ನು ಕೇಳುವ ಅಭ್ಯಾಸ ಅವರಿಗೆ ಯಾವತ್ತೂ ಇರಲಿಲ್ಲ, ಆ ಮಾತು ಮುಗಿಯುವುದನ್ನು ಕಾಯುವ ಅಭ್ಯಾಸ ಮಾತ್ರ ಇತ್ತು. ಮಾತು ಮುಗಿಯಿತು. ಅವರು ಎರಡೂ ಕೈ ಆಕಾಶಕ್ಕೆ ಎತ್ತಿದರು.

“ನನ್ನ ಕೈಲಿ ಏನೂ ಇಲ್ಲ,” ಎಂದರು.

ದೊಡ್ಡ ಕೈ ಎದ್ದಿತು. ಊರೆಲ್ಲ ಎರಡೂ ಕೈ ಎತ್ತಿತು. ಬಯಲಿನ ತುಂಬ ಬೆಳೆದು ನಿಂತ ಜೋಳದಂತೆ ಕೈಗಳು.

“ಎದ್ದಿವೆ,” ಎಂದ ಎಣಿಕೆಯವನು. “ಎಲ್ಲವೂ ಎದ್ದಿವೆ. ಎರಡೆರಡು.”

“ಇಳಿಸಬೇಡಿ, ಇಳಿಸಬೇಡಿ, ಎಣಿಕೆಯವರು ಎಣಿಸಲಿ,” ಎಂದು ಮೊಸರಿನವಳು ಜನರ ನಡುವೆ ಓಡಾಡಿದಳು. ಯಾಕೆ ಎಂದು ತಿಳಿಯದೆ ಜನ ಕೈ ಎತ್ತಿಕೊಂಡೇ ನಿಂತರು.

“ಏನನ್ನ ಎಣಿಸುತ್ತಿದ್ದೀಯೋ?” ಎಂದರು ಪಂಡಿತರು.

“ಮಾತಿಡುವ ಬಡಿತ ಬಿತ್ತು. ಮಾತಿಟ್ಟರು. ಕೈ ಎದ್ದವು.”

“ನಾನು ಎತ್ತಿದ್ದು ಒಪ್ಪಿ ಅಲ್ಲವೋ. ಸೋತು.”

“ಸೋತ ಕೈಗೂ ಐದೇ ಬೆರಳು, ಒಪ್ಪಿದ ಕೈಗೂ ಐದೇ ಬೆರಳು ಪಂಡಿತರೇ,” ಎಂದ ಎಣಿಕೆಯವನು. “ಹಗ್ಗ ಎತ್ತಿದ ಕೈಯನ್ನ ಎಣಿಸಿದವನು ನಾನು. ಬಾಲ ಇಲ್ಲದ ಮಾತನ್ನ ಬಿಟ್ಟವನೂ ನಾನೇ. ಆವತ್ತೆಲ್ಲ ನೀವು ತಪ್ಪು ಅನ್ನಲಿಲ್ಲ. ಇವತ್ತೂ ಸರಿಯೇ.”

ಆಗ ಮಂಚದ ಕಡೆಯಿಂದ ಆ ನಗು ಎದ್ದಿತು. ಮೊದಲು ಸಣ್ಣಗೆ, ಆಮೇಲೆ ತಡೆಯಿಲ್ಲದೆ. ಅದು ಸಾಲಿನಲ್ಲಿ ಕೂತಿದ್ದ ‘ಇದ್ದವರಿಗೆ’ ಹತ್ತಿತು, ಅವರಿಂದ ಮೊಸರಿನವಳಿಗೆ, ಮೊಸರಿನವಳಿಂದ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದ ಊರಿಗೆ. ಕೈ ಎತ್ತಿಕೊಂಡು ನಗುವವರನ್ನು ನೋಡಿದ್ದೀರಾ? ಕುಣಿಯುವವರ ಹಾಗೆ ಕಾಣುತ್ತಾರೆ. ಪಾಯಸ ಆರುವ ಮೊದಲೇ ಕಲ್ಲುಕುಟಿಗನ ಉಳಿ ಕಲ್ಲಿನ ಮೇಲೆ ಕೂತಿತು.

ಪಂಡಿತರ ಪಾಡು ಆಮೇಲೆ ಬೇರೆಯಾಯಿತು. ಕೈ ಎತ್ತಿದರೆ ಯಾವ ಮಾತಿಗೆ ಎಣಿಸಿಬಿಡುತ್ತಾರೋ ಎಂಬ ಭಯ ಅವರಿಗೆ. ವಾಸಿಯಾಗದ ರೋಗಿಯ ಮನೆಗೆ ಹೋದರೆ ಕೈ ಅರ್ಧ ಏಳುತ್ತಿತ್ತು, ನೆನಪಾಗಿ ಇಳಿಯುತ್ತಿತ್ತು, ಎಲ್ಲಿ ಇಡುವುದೆಂದು ತಿಳಿಯದೆ ರೋಗಿಯ ಕಾಲಿನ ಮೇಲೆ ಕೂರುತ್ತಿತ್ತು. “ಅಲ್ಲಲ್ಲ, ಇನ್ನೂ ಸ್ವಲ್ಪ ಕೆಳಗೆ. ಸೆಳೆತ ಅಲ್ಲಿದೆ,” ಎನ್ನುತ್ತಿದ್ದರು ರೋಗಿಗಳು. ಪಂಡಿತರು ಒತ್ತುತ್ತಿದ್ದರು. ಅವರ ಕೈಲಿ ಅಷ್ಟಾದರೂ ಇದೆ ಎಂದು ಊರಿಗೆ ತಿಳಿದದ್ದು ಆಗಲೇ, ಅವರಿಗೂ ಆಗಲೇ.

ಆ ಸಂಜೆ ಜಗಲಿಯ ಮೇಲೆ ಹಗ್ಗದವನು, “ಗೆದ್ದೆವಲ್ಲ ಕಣೇ,” ಎಂದ.

ರೆಪ್ಪೆ ಎದ್ದಿತು, ಅವನು ಸಾಲು ಹೇಳಿದ. “ಕೈ ಬರಲ್ಲ,” ಎಂದಿತು ರೆಪ್ಪೆ.

“ಬರಲ್ಲ,” ಎಂದ ಅವನು.

“ಉಸಿರೂ ಹೋಗುತ್ತೆ.”

“ಹೋಗುತ್ತೆ.”

“ಹೋದ ದಿನ ಸರಿಯಾಗಿ ಬಡಿ. ಆಡು ಹುಡುಕಲು ಜನ ಹೊರಡಬಾರದು.”

ಅವನು ನಕ್ಕ. ಅಷ್ಟು ಹೇಳಿ ಮುಗಿಸುವ ಹೊತ್ತಿಗೆ ದೀಪ ಹಚ್ಚಿ ಆಗಿತ್ತು. ಅವನು ಅವಳ ಬೆರಳುಗಳಿಗೆ ಎಣ್ಣೆ ತಿಕ್ಕಿದ, ಒಂದೊಂದಾಗಿ, ಹೊಸ ಹಗ್ಗಕ್ಕೆ ತಿಕ್ಕುವ ಹಾಗೆ.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲುಗಳು ತೆರೆದವು. ಗಾಡಿಯಲ್ಲಿ, ಮಂಚದಲ್ಲಿ, ಮಗನ ಬೆನ್ನಿನ ಮೇಲೆ, ಸೊಸೆಯ ಹೆಗಲಿನ ಮೇಲೆ ‘ಇದ್ದವರು’ ಬಯಲಿಗೆ ಬಂದರು. ಎಷ್ಟೋ ಕಾಲದಿಂದ ಗೋಡೆ ನೋಡಿದ ಕಣ್ಣುಗಳು ಬಿಸಿಲಿಗೆ ನೀರಾಡಿದವು. ಊರು ತನ್ನ ಅರ್ಧ ಜನರನ್ನು ಮರೆತಿದ್ದದ್ದು ಊರಿಗೇ ಗೊತ್ತಿರಲಿಲ್ಲ. “ಅಯ್ಯೋ, ಇವರು ಇದ್ದಾರಾ?” “ಇದ್ದಾರೆ ಕಣಯ್ಯ. ನೀನೇ ಅಲ್ಲವಾ ಇವರು ಒಳ್ಳೆಯವರಾಗಿದ್ದರು ಅಂತ ಹೋದಲ್ಲೆಲ್ಲ ಹೇಳಿದ್ದು.”

ರೆಪ್ಪೆ ಕಟ್ಟೆಯ ಮೇಲಿನಿಂದ ಕಾಣುವುದಿಲ್ಲ. ಎಣಿಕೆಯವನು ಕಟ್ಟೆಯ ಅಂಚಿಗೆ ಬಂದ, ಬಗ್ಗಿ ನೋಡಿದ, ಕಣ್ಣು ಕಿರಿದು ಮಾಡಿದ. ಕಾಣಲಿಲ್ಲ. ಕೊನೆಗೆ ಇಳಿದ. ಎಣಿಕೆಯವನೊಬ್ಬ ಕಟ್ಟೆಯಿಂದ ಇಳಿದದ್ದು ಅದೇ ಮೊದಲು. ಒಬ್ಬೊಬ್ಬರ ಮುಂದೆ ಮಂಡಿಯೂರಿ, ಮುಖದ ಹತ್ತಿರ ಮುಖ ತಂದು ನೋಡಿದ. ರೆಪ್ಪೆ ಎದ್ದಿತು. ಪಕ್ಕದಲ್ಲಿದ್ದವರು ‘ಇದ್ದಾರೆ’ ಎಂದರು. ಅವನು ಕೂಗಿದ. ಮುಂದಕ್ಕೆ ಹೋದ. ಬಿಸಿಲು ಕಲ್ಲಿನಿಂದ ಇಳಿದು, ಕಟ್ಟೆಯಿಂದ ಇಳಿದು, ಜನರ ಭುಜಕ್ಕೆ ಬಂತು. ಯಾರೂ ಅವಸರ ಮಾಡಲಿಲ್ಲ.

ಡಂಗುರದವಳು ಸಾಲಿನ ಕೊನೆಯಲ್ಲಿದ್ದಳು. ಎಣಿಕೆಯವನು ಅವಳ ಮುಂದೆ ಮಂಡಿಯೂರಿದ. ಅವಳು ರೆಪ್ಪೆ ಎತ್ತಿದಳು.

“ಆಯಿತು,” ಎಂದು ಅವನು ಏಳಹೋದ.

ಅವಳು ಮತ್ತೆ ರೆಪ್ಪೆ ಬಡಿದಳು.

“ಒಂದೇ ಸಲ ಸಾಕಮ್ಮ. ಕಲ್ಲಿನಲ್ಲಿ ಹಾಗೇ ಇದೆ.”

ಪಟಪಟ ಪಟಪಟ.

“ಏನೋ ಹೇಳಬೇಕಂತೆ ಸ್ವಾಮಿ,” ಎಂದ ಹಗ್ಗದವನು. “ಸ್ವಲ್ಪ ಕೂತಿರಿ.”

“ಸಾರಿಗೆ ಉಪ್ಪು ಕಮ್ಮಿ ಅಂತ ಇರುತ್ತೆ,” ಎಂದಳು ಮೊಸರಿನವಳು.

ಎಣಿಕೆಯವನು ಕೂತ. ಹಗ್ಗದವನು ಸಾಲು ಹೇಳಿದ. ಕ, ಇಲ್ಲ. ಚ, ಇಲ್ಲ. ಟ, ಇಲ್ಲ. ತ. ರೆಪ್ಪೆ ಎದ್ದಿತು. ತ, ಥ, ದ, ಧ, ನ. ರೆಪ್ಪೆ ಎದ್ದಿತು. ನ, ನಾ, ನಿ, ನೀ, ನು, ನೂ, ನೃ, ನೆ. ರೆಪ್ಪೆ ಎದ್ದಿತು.

“ನೆ,” ಎಂದ ಹಗ್ಗದವನು. ಮುಂದಿನ ಅಕ್ಷರಕ್ಕೆ ಮತ್ತೆ ಸಾಲು ಶುರುಮಾಡಿದ. ಅವಳ ರೆಪ್ಪೆ ಅಲುಗಾಡಲಿಲ್ಲ. ಅವನು ಎರಡನೆಯ ಸಲ ಹೇಳಿದ. ಅಲುಗಾಡಲಿಲ್ಲ. ಕಣ್ಣು ಮಾತ್ರ ಎಣಿಕೆಯವನ ಮುಖದ ಮೇಲೆ ನೆಟ್ಟಿತ್ತು, ಅದರಲ್ಲಿ ಹಳೆಯ ಜಗಳಗಂಟಿಯ ನಗು ಇತ್ತು.

“ಬರೀ ನೆ,” ಎಂದಳು ಮೊಸರಿನವಳು. “ನೆ ಅಂದರೆ ಏನೇ?”

ಎಣಿಕೆಯವನಿಗೆ ಮಾತ್ರ ಗೊತ್ತಾಯಿತು. ಚಳಿಯ ಒಂದು ಬೆಳಿಗ್ಗೆ ಈ ಮಾತಿನ ಮುಂಭಾಗವನ್ನು ಕೇಳಿದವನು ಅವನು. ಬಿಸಿಲು ನೆಲಕ್ಕೆ ಇಳಿಯುವವರೆಗೆ ಕಾದವನು, ಆಮೇಲೆ ಕಾಯದೆ ಹೋದವನು.

“ಇದ್ದೇ,” ಎಂದ ಅವನು, ಮೆಲ್ಲಗೆ.

“ನೆ,” ಎಂದ ಹಗ್ಗದವನು.

ಡಂಗುರದವಳು ನಕ್ಕಳು, ಮಂಚ ಅಲುಗಾಡುವಂತೆ. ಎಣಿಕೆಯವನು ಕಟ್ಟೆ ಹತ್ತಲಿಲ್ಲ. ಅಲ್ಲೇ, ಅವಳ ಪಕ್ಕದಲ್ಲೇ, ಮಂಡಿಯೂರಿಕೊಂಡೇ, ಬೀದಿಯ ಆ ತುದಿಯ ನಾಯಿ ಎದ್ದು ಕೂರುವಂತೆ ಕೂಗಿದ.

“ಇದ್ದಾಳೆ.”